ಒಗೆಯುವ ಕೋಣೆಯ ಮೇಲಿನ ಆಟ

ಅವನಷ್ಟು ಓಡಿದ ಗಂಡಸು ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಹದಿನೆಂಟು ವರ್ಷ ಓಡಿದ. ಓಡಿದ್ದನ್ನೆಲ್ಲ ಹಗ್ಗ ಮಾಡಿ ಎಳೆದರೆ ಚಂದ್ರನಿಗೆ ಮೂರು ಸುತ್ತು ಸುತ್ತಿ, ಮಿಕ್ಕಿದ್ದರಲ್ಲಿ ಒಂದು ಓಣಿಯ ಬಟ್ಟೆ ಒಣಹಾಕಬಹುದು. ನಂಬದವರು ಅವನ ಬಲಮಂಡಿ ಮಡಿಸಿ ನೋಡಲಿ. ಹಳೆ ಬಾಗಿಲು ತೆರೆದ ಸದ್ದು ಬರುತ್ತದೆ. ಅವನು ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತಾಗಲೆಲ್ಲ ಪಕ್ಕದ ಮನೆಯಾಕೆ ಯಾರೋ ಬಂದರೆಂದು ಇಣುಕುತ್ತಿದ್ದಳು.

ಜೊತೆಗಾರರು ಅವನನ್ನು ಗಾಣ ಎನ್ನುತ್ತಿದ್ದರು. ಗಾಣದೆತ್ತಿನ ಹಾಗೆ ಮೈದಾನದ ನಡುವೆ ಸುತ್ತುತ್ತಾನೆ, ಎಣ್ಣೆ ಮಾತ್ರ ಬೇರೆಯವರ ತಲೆಗೆ. ಫುಟ್‌ಬಾಲಿನಲ್ಲಿ ಅವನು ಮಿಡ್‌ಫೀಲ್ಡರ್, ನಡುವಿನ ಆಟಗಾರ. ಹಿಂದಿನವರು ಬಿಟ್ಟ ಚೆಂಡನ್ನು ಹೆಕ್ಕಬೇಕು, ಮುಂದಿನವರ ಕಾಲಿಗೆ ಇಡಬೇಕು. ಗೋಲು ಹೊಡೆದರೆ ಮುಂದಿನವನಿಗೆ ಹೆಸರು. ಗೋಲು ತಡೆದರೆ ಹಿಂದಿನವನಿಗೆ ಹೆಸರು. ನಡುವಿನವನಿಗೆ ಬೆವರು. ನಾನೂರ ಹನ್ನೆರಡು ಪಂದ್ಯ ಆಡಿದ. ನಾಲ್ಕು ಗೋಲು ಹೊಡೆದ. ನಾಲ್ಕರಲ್ಲಿ ಒಂದು, ಅವನು ಶೂ ದಾರ ಕಟ್ಟಲು ಬಗ್ಗಿದ್ದಾಗ ಬೆನ್ನಿಗೆ ಬಡಿದು ತಾನಾಗಿ ಒಳಗೆ ಹೋದದ್ದು.

ಕೊಡುವುದು ಅವನಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಹೆಣ್ಣು ನೋಡಲು ಹೋದ ಕಡೆಯೂ ಜೊತೆಗೆ ಬಂದ ಗೆಳೆಯನಿಗೆ ಪಾಸ್ ಮಾಡಿ ಬಂದ. ಆ ಗೆಳೆಯನಿಗೆ ಈಗ ಮೂರು ಮಕ್ಕಳು. ಇವನು ಅವ್ವನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದ.

ಪತ್ರಿಕೆಗಳಲ್ಲಿ ಅವನ ಫೋಟೋ ತೊಂಬತ್ತಮೂರು ಸಲ ಬಂದಿತ್ತು. ತೊಂಬತ್ತಮೂರರಲ್ಲೂ ಬಂದದ್ದು ಮೊಣಕೈ. ನಡುವೆ ಗೋಲು ಹೊಡೆದ ಮೀಸೆ, ಎರಡು ಕೈ ಆಕಾಶಕ್ಕೆ. ಅಂಚಿನಲ್ಲಿ ಗಾಣನ ಮೊಣಕೈ. ಮೀಸೆ ಎಂದರೆ ತಂಡದ ಮುಂಚೂಣಿ ಆಟಗಾರ. ಅವನ ಮೀಸೆಗೆ ಅಭಿಮಾನಿಗಳ ಸಂಘ ಬೇರೆ ಇತ್ತು. ಅವ್ವ ಆ ಮೊಣಕೈಗಳನ್ನೆಲ್ಲ ಕತ್ತರಿಸಿ ಒಂದು ನೋಟ್‌ಬುಕ್ಕಿಗೆ ಅಂಟಿಸಿದ್ದಳು.

"ಇದ್ಯಾರ ಕೈಯಮ್ಮ?" ಎಂದು ಪಕ್ಕದ ಮನೆಯಾಕೆ ಕೇಳಿದ್ದಳು.

"ನನ್ ಮಗನ್ದು. ಗುರುತು ಸಿಗಲ್ವಾ? ಅಪ್ಪನ ಮೊಣಕೈ ಹಾಗೇ ಇದೆ ನೋಡು."

ಅವ್ವನಿಗೂ ಅದೇ ಕ್ಲಬ್ಬಿನಲ್ಲಿ ಕೆಲಸ. ಕ್ರೀಡಾಂಗಣದ ಮುಖ್ಯ ಗ್ಯಾಲರಿಯ ಅಡಿಗೆ ಹದಿನೇಳು ಮೆಟ್ಟಿಲು ಇಳಿದರೆ ಒಗೆಯುವ ಕೋಣೆ. ಕಿಟಕಿ ಇಲ್ಲ. ಎರಡು ಸಿಮೆಂಟಿನ ತೊಟ್ಟಿ, ಒಂದು ಕಲ್ಲು, ಗುಂಡಿ ನುಂಗುವ ಒಂದು ಮುದಿ ಯಂತ್ರ, ಗಾಳಿ ಬಿಸಿ ಮಾಡುವ ಒಂದು ಪೆಟ್ಟಿಗೆ. ಮೂವತ್ತೆರಡು ವರ್ಷ ಅಲ್ಲಿ ಒಗೆದಳು. ಬ್ಲೀಚು ಅವಳ ಬೆರಳ ಗೆರೆಗಳನ್ನು ತಿಂದಿತ್ತು. ಗುರುತಿನ ಚೀಟಿಗೆ ಹೆಬ್ಬೆಟ್ಟು ಒತ್ತಲು ಹೋದರೆ ಯಂತ್ರ "ಇಲ್ಲಿ ಯಾರೂ ಇಲ್ಲ" ಎನ್ನುವಂತೆ ಕೆಂಪು ದೀಪ ಹಚ್ಚುತ್ತಿತ್ತು. ಸೊಂಟ ಬಗ್ಗಿ ಬಗ್ಗಿ, ನೇರ ನಿಂತರೇ ಅವಳಿಗೆ ಆಯಾಸ.

ಆ ಕೋಣೆಯವರಿಗೆ ಕ್ಲಬ್ಬಿನಲ್ಲಿ ಒಂದೇ ಹೆಸರು. ಕೆಳಗಿನವರು. ಕೆಳಗಿನವರು ಚರಂಡಿ ಕಡೆಯ ಬಾಗಿಲಿಂದ ಬರಬೇಕು. ಪಂದ್ಯದ ದಿನ ಮೇಲೆ ಕಾಣಿಸಬಾರದು. ಮೇಲಿನವರ ಬೆವರು, ಕೆಸರು, ರಕ್ತ, ಉಗುಳು ಎಲ್ಲ ಕೆಳಗೆ ಬರಬಹುದು. ಅದನ್ನು ತೆಗೆದ ಕೈ ಮಾತ್ರ ಮೇಲೆ ಹೋಗಬಾರದು.

ಗಾಣ ತಂಡಕ್ಕೆ ಸೇರಿದ ಮೊದಲ ವರ್ಷ ಅವನೂ ಚರಂಡಿ ಬಾಗಿಲಿಂದಲೇ ಬಂದ. ಮುಂದಿನ ಬಾಗಿಲು ತನಗೂ ಇದೆಯೆಂದು ಯಾರೂ ಹೇಳಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನದು ಬೆಂಚಿನ ತುದಿ. ನೀರಿನ ಬಾಟಲಿ ಎಲ್ಲರಿಗೂ ಒಂದೇ ಎಂದು ನಿಯಮ. ಇವನು ಬಾಯಿಟ್ಟ ಬಾಟಲಿ ಮಾತ್ರ ಯಾಕೋ ಮುಂದಿನವನ ಕೈಯಿಂದ ಜಾರಿ ಬೀಳುತ್ತಿತ್ತು. ದೊಡ್ಡ ದೊಡ್ಡ ಆಟಗಾರರು, ಕೈ ಮಾತ್ರ ಬೆಣ್ಣೆ. ಗಾಣ ಬಿದ್ದ ಬಾಟಲಿಯನ್ನು ಎತ್ತಿ ಒರೆಸಿ ತನ್ನ ಪಕ್ಕ ಇಟ್ಟುಕೊಳ್ಳುತ್ತಿದ್ದ. ಮಾತು ಬಾಯಿಗೆ ಬಂದರೂ ಪಕ್ಕಕ್ಕೆ ಪಾಸ್ ಮಾಡುವುದು ಅವನ ಗುಣ.

ಅವ್ವ ಮಗನ ಒಂದು ಪಂದ್ಯವನ್ನೂ ಕಣ್ಣಿಂದ ಕಂಡವಳಲ್ಲ. ಆದರೆ ಅವಳಿಗೆ ಗೊತ್ತಿದ್ದಷ್ಟು ಆಟ ಕೋಚಿಗೂ ಗೊತ್ತಿರಲಿಲ್ಲ. ಮಧ್ಯಂತರದಲ್ಲಿ ಹನ್ನೊಂದು ಅಂಗಿ ಕೆಳಗೆ ಬರುತ್ತಿದ್ದವು. ಒಂದೊಂದನ್ನೇ ಬೆಳಕಿಗೆ ಹಿಡಿದು ಓದುತ್ತಿದ್ದಳು. ಭುಜದಲ್ಲಿ ಹುಲ್ಲಿನ ಹಸಿರು: ಇವನು ಬಿದ್ದಿದ್ದಾನೆ. ಹೊಟ್ಟೆಯ ಮೇಲೆ ಸುಣ್ಣದ ಗೆರೆ: ಇವನು ಜಾರಿದ್ದಾನೆ. ಕಾಲರು ಹಿಂಜಿದೆ: ಇವನನ್ನು ಎಳೆದಿದ್ದಾರೆ.

"ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರಲ್ಲ," ಎಂದು ಮನೆಯಲ್ಲಿ ಮಗನಿಗೆ ಹೇಳುತ್ತಿದ್ದಳು, "ನಿಮ್ಮ ಮೀಸೆ ಅಂಗಿಯೂ ಮಣ್ಣಾಗಲ್ಲ ಕಣೋ. ಹಾಗೇ ಮಡಚಿ ಇಟ್ಟೆ. ನಿನ್ದು ಮಾತ್ರ ಗದ್ದೆ ಉತ್ತಂಗಿತ್ತು. ಅರ್ಧ ಮೈದಾನ ಹೊತ್ಕೊಂಡು ಬರ್ತೀಯಲ್ಲೋ."

ಉಳಿದದ್ದನ್ನು ಛಾವಣಿ ಹೇಳುತ್ತಿತ್ತು. ನಮ್ಮವರು ಗೋಲು ಹೊಡೆದರೆ ಮೇಲೆ ಸಾವಿರಾರು ಕಾಲು ಕುಣಿದು ಸಿಮೆಂಟಿನ ಪುಡಿ ಉದುರುತ್ತಿತ್ತು. ಎದುರಾಳಿ ಹೊಡೆದರೆ ಸಾವಿನ ಮನೆಯ ಹಾಗೆ ತಣ್ಣಗೆ. ಆದರೆ ಅವ್ವ ಕಾಯುತ್ತಿದ್ದದ್ದು ಬೇರೆಯದಕ್ಕೆ. ಗೋಲಿಗೆ ಸ್ವಲ್ಪ ಮುಂಚೆ, ಅಷ್ಟೂ ಜನ ಒಂದೇ ಸಲ ಉಸಿರು ಒಳಗೆಳೆದುಕೊಳ್ಳುತ್ತಾರೆ. ಮೇಲೆ ಯಾರೂ ಇಲ್ಲವೇನೋ ಎನ್ನುವಷ್ಟು ಮೌನ. ಎರಡು ಎಣಿಸುವಷ್ಟು ಹೊತ್ತು.

"ಕೂಗೋದು ಮೀಸೆಗೆ," ಎನ್ನುತ್ತಿದ್ದಳು. "ಅದಕ್ಕೆ ಮುಂಚೆ ಸುಮ್ನಾಗ್ತಾರಲ್ಲ, ಅದು ನನ್ ಮಗಂಗೆ."

ಗಾಣ ನಗುತ್ತಿದ್ದ. ಮೌನಕ್ಕೆಲ್ಲ ಮಗನೇ ಕಾರಣ ಎನ್ನುವ ಅವ್ವನನ್ನು ಏನು ಮಾಡುವುದು.

ಅವನಿಗೆ ಮೂವತ್ತೇಳಾಯಿತು. ಮಂಡಿ ಇನ್ನು ಸಾಕು ಎಂದಿತು. ಕೊನೆಯ ಪಂದ್ಯ ಗೊತ್ತಾಯಿತು. ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯುವ ಪಂದ್ಯ. ಸಮ ಮಾಡಿಕೊಂಡರೂ ಉಳಿಯುತ್ತಿತ್ತು. ಕ್ಲಬ್ಬಿನವರು ಗಾಣನಿಗೆ ಬೀಳ್ಕೊಡುಗೆ ಎಂದು ಪತ್ರಿಕೆಗೆ ಕೊಟ್ಟರು. ಮೊಣಕೈ ನೋಡಲು ಜನ ಬರುವುದಿಲ್ಲವೆಂದು ಮೀಸೆಯ ಫೋಟೋ ಹಾಕಿಸಿದರು. ಗಾಣನ ಮನೆಗೆ ದಪ್ಪ ಹಾಳೆಯ ಒಂದು ಕಾರ್ಡು ಬಂತು. 'ತಮ್ಮ ಕುಟುಂಬದ ಒಬ್ಬರಿಗೆ, ಅತಿಥಿಗಳ ಗಾಜಿನ ಕೋಣೆಯಲ್ಲಿ ಆಸನ.'

ಅವ್ವ ಕೈ ಮೂರು ಸಲ ಒರೆಸಿಕೊಂಡು ಕಾರ್ಡು ತೆಗೆದುಕೊಂಡಳು. ಅಂಚೆಯಲ್ಲಿ ಬಂದದ್ದು, ಒಂದು ಮೂಲೆ ಮಡಚಿತ್ತು. ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ, ಮೇಲೊಂದು ತೆಳು ಬಟ್ಟೆ ಹಾಸಿ, ಕಾರ್ಡಿಗೆ ಇಸ್ತ್ರಿ ಹಾಕಿದಳು. ಮದುಮಗನ ಅಂಗಿಗೂ ಅಂಥ ಇಸ್ತ್ರಿ ಬಿದ್ದಿರಲಿಕ್ಕಿಲ್ಲ. ಹೊಸ ಚಪ್ಪಲಿ ಕೊಂಡಳು. ಚೀಲದಲ್ಲಿ ಹಾಕಿ ಒಗೆಯುವ ಕೋಣೆಯ ಮೊಳೆಗೆ ನೇತುಹಾಕಿದಳು. ದಿನಾ ಒಗೆಯುತ್ತ ಅದನ್ನು ನೋಡುತ್ತಿದ್ದಳು.

ಪಂದ್ಯಕ್ಕೆ ನಾಲ್ಕು ದಿನವಿತ್ತು. ಆಫೀಸಿನ ಗುಮಾಸ್ತ ಮನೆಗೆ ಬಂದ. ಗಾಣ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದ.

"ಆ ಕಾರ್ಡು ವಾಪಸ್ ಬೇಕಂತೆ," ಎಂದ ಗುಮಾಸ್ತ, ಗೋಡೆ ನೋಡುತ್ತ. "ಹೆಸರು ನೋಡ್ದೆ ಕಳಿಸಿಬಿಟ್ರಂತೆ. ಕುಟುಂಬ ಅಂದ್ರೆ ಇವರು ಅಂತ ಗೊತ್ತಾಗಿರ್ಲಿಲ್ಲವಂತೆ."

ಅವ್ವ ಒಳಗೆ ಹೋದಳು. ಕಪಾಟಿನಿಂದ ಕಾರ್ಡು ತಂದುಕೊಟ್ಟಳು. ಗುಮಾಸ್ತ ಅದನ್ನು ಎರಡಾಗಿ ಮಡಚಿ ಕಿಸೆಗೆ ಹಾಕಿದ. ಮಡಚಿದ್ದು ಕಂಡು ಅವಳ ಕೈ ಒಮ್ಮೆ ಮುಂದೆ ಬಂತು. ಮತ್ತೆ ಹಿಂದೆ ಹೋಯಿತು. ಗಾಣ ಆ ಕೈ ನೋಡಿದ. ಹದಿನೆಂಟು ವರ್ಷದಲ್ಲಿ ಯಾವ ಎದುರಾಳಿಯ ಒದೆತವೂ ಅದು ನಾಟಿದ ಜಾಗಕ್ಕೆ ಬಿದ್ದಿರಲಿಲ್ಲ.

ಮಾರನೆಯ ದಿನ ಮ್ಯಾನೇಜರನ ಕೋಣೆಗೆ ಹೋದ. ಮ್ಯಾನೇಜರನನ್ನು ಹಿಂದಿನಿಂದ ಎಲ್ಲರೂ ಬಾಚಣಿಗೆ ಎನ್ನುತ್ತಿದ್ದರು. ಗಂಟೆಗೊಮ್ಮೆ ತಲೆ ಬಾಚುತ್ತಿದ್ದ. ತಲೆಯಲ್ಲಿದ್ದ ಕೂದಲಿಗಿಂತ ಬಾಚಣಿಗೆಗೆ ಹಲ್ಲು ಜಾಸ್ತಿ.

"ಕೂತ್ಕೋ ಕೂತ್ಕೋ," ಎಂದ ಬಾಚಣಿಗೆ. ಗಾಣ ಕೂರುವ ಮೊದಲೇ ಮುಂದುವರಿಸಿದ. "ನೋಡಪ್ಪ, ನನಗೇನೂ ಇಲ್ಲ. ನಿಮ್ಮ ತಾಯಿ ಅಂದ್ರೆ ನನ್ನ ತಾಯಿ ಇದ್ದಂಗೆ. ಆದ್ರೆ ಗಾಜಿನ ಕೋಣೆ. ಕಿಟಕಿ ತೆಗೆಯಕ್ಕಾಗಲ್ಲ. ಆ ಬ್ಲೀಚ್ ವಾಸನೆ ಅತಿಥಿಗಳಿಗೆ ಆಗಲ್ಲ."

"ಸ್ನಾನ ಮಾಡ್ಕೊಂಡು ಬರ್ತಾಳೆ ಸಾರ್."

"ಅದು ಹೋಗೋ ವಾಸನೆ ಅಲ್ಲಪ್ಪ." ಬಾಚಣಿಗೆ ಮೆತ್ತಗೆ ನಕ್ಕ. "ಮತ್ತೆ ಫೋಟೋ ಅಂಗಿ ಯಾರು ಒಗೀತಾರೆ? ರೂಲು ರೂಲೇ. ಒಗೆಯೋರೊಬ್ಬರು ಕೆಳಗೆ ಇರ್ಲೇಬೇಕು."

ಆ ನಿಯಮ ಅವನದೇ. ಆಟ ಮುಗಿದ ಮೇಲಿನ ಫೋಟೋಗೆ ಎಲ್ಲರೂ ಮಡಿಯಾಗಿ ನಿಲ್ಲಬೇಕು. ಮೊದಲರ್ಧದ ಅಂಗಿ ಎರಡನೆಯ ಅರ್ಧ ಮುಗಿಯುವುದರೊಳಗೆ ಒಗೆದು, ಒಣಗಿಸಿ, ಇಸ್ತ್ರಿಯಾಗಿ ಮೇಲೆ ಬರಬೇಕು. ಕೆಸರಿನಲ್ಲಿ ಆಡಿದವರು ಕೆಸರಾಗಿ ಕಂಡರೆ ಕ್ಲಬ್ಬಿಗೆ ಕೆಟ್ಟ ಹೆಸರಂತೆ.

"ಬೇಕಾದ್ರೆ ಕೆಳಗೇ ಒಂದು ಟೀವಿ ಹಾಕಿಸಿಕೊಡ್ತೀನಿ," ಎಂದ ಬಾಚಣಿಗೆ. "ಎರಡನೇ ಮಾತೇ ಬೇಡ. ದೊಡ್ಡ ಟೀವಿ."

ಗಾಣ ತಲೆಯಾಡಿಸಿ ಹೊರಗೆ ಬಂದ. ಬಾಚಣಿಗೆ ಅದನ್ನು ಒಪ್ಪಿಗೆ ಎಂದುಕೊಂಡ. ಗಾಣದೆತ್ತು ತಲೆಯಾಡಿಸುವುದು ಎಷ್ಟೋ ಸಲ ನೊಣ ಓಡಿಸಲು ಎಂದು ಅವನಿಗೆ ತಿಳಿದಿರಲಿಲ್ಲ.

ಪಂದ್ಯದ ದಿನ ಕ್ರೀಡಾಂಗಣದಲ್ಲಿ ಸೂಜಿ ನಿಲ್ಲಿಸಲು ಜಾಗವಿರಲಿಲ್ಲ. ಮಳೆ ಬಂದು ನಿಂತು ಮೈದಾನ ಕೆಸರಾಗಿತ್ತು. ಮೊದಲರ್ಧ ಗಾಣ ಹುಚ್ಚು ಹಿಡಿದವನಂತೆ ಓಡಿದ. ಗೋಲು ಯಾರಿಗೂ ಆಗಲಿಲ್ಲ. ಇಬ್ಬರು ಆಟಗಾರರಿಗೆ ಪೆಟ್ಟು ಬಿದ್ದು ಬದಲಿಯವರು ಇಳಿದರು. ಬೆಂಚಿನಲ್ಲಿ ಉಳಿದವನು ಒಬ್ಬ ಗೋಲ್‌ಕೀಪರ್ ಮಾತ್ರ. ಮಧ್ಯಂತರವಾಯಿತು. ಹನ್ನೊಂದು ಅಂಗಿ ಬುಟ್ಟಿಗೆ ಬಿದ್ದವು. ಎಲ್ಲರೂ ಹೊಸ ಅಂಗಿ ತೊಟ್ಟರು. ಬುಟ್ಟಿಯನ್ನು ಗಾಣ ಎತ್ತಿಕೊಂಡ.

"ಎಲ್ಲಿಗೋ?" ಎಂದ ಮೀಸೆ.

"ಕೊಟ್ ಬರ್ತೀನಿ," ಎಂದ ಗಾಣ.

ಯಾರೂ ಎರಡನೆಯ ಸಲ ಕೇಳಲಿಲ್ಲ. ಅವನು ಕೊಡುವವನೇ ತಾನೆ.

ಮುಳ್ಳಿನ ಶೂನಲ್ಲಿ ಹದಿನೇಳು ಮೆಟ್ಟಿಲು ಟಕಟಕ ಇಳಿದ. ಅವ್ವ ತೊಟ್ಟಿಗೆ ನೀರು ಬಿಡುತ್ತಿದ್ದಳು. ಮೂಲೆಯಲ್ಲಿ ಟೀವಿ ಇತ್ತು. ಬಾಚಣಿಗೆ ಮಾತು ಉಳಿಸಿಕೊಂಡಿದ್ದ. ಅದರ ತಂತಿ ಸಿಕ್ಕಿಸಲು ಗೋಡೆಯಲ್ಲಿ ಜಾಗ ಮಾತ್ರ ಇರಲಿಲ್ಲ.

"ನೀನ್ಯಾಕೋ ಇಳ್ದೆ? ಕಾಲಿಗೆ ಏನಾದ್ರೂ ಆಯ್ತಾ?"

"ಏನಿಲ್ಲವ್ವ. ನೀನು ಮೇಲೆ ಹೋಗು. ನಿನ್ ಕುರ್ಚಿ ಖಾಲಿ ಇದೆ, ಆಡ್ತಾ ಆಡ್ತಾ ನೋಡ್ಕೊಂಡೆ."

"ಒಗೆಯೋರು?"

"ಒಗೆಯೋರೊಬ್ರು ಕೆಳಗಿರ್ಬೇಕು, ಅಷ್ಟೇ ರೂಲು. ನಾನಿದೀನಲ್ಲ."

"ನಿಂಗೆ ಒಗೆಯಕ್ಕೆ ಎಲ್ಲಿ ಬರುತ್ತೋ?"

"ಹದಿನೆಂಟು ವರ್ಷ ಕೊಳೆ ಮಾಡಿದೀನಿ. ಒಂದಿನ ತೆಗೆದ್ರೆ ಏನಾಗತ್ತೆ."

"ಆಟ ಬಿಟ್ಟು..."

"ನೀನು ಮೇಲೆ ಹೋಗೋ ತನಕ ನಾನು ಏಳಲ್ಲ," ಎಂದ ಗಾಣ. ಅವಳ ಕೈಯಿಂದ ಸೋಪು ತೆಗೆದುಕೊಂಡು ಕಲ್ಲಿನ ಮುಂದೆ ಕುಕ್ಕರಿಸಿದ. ಮಂಡಿ ಕಿರ್ರೆಂದಿತು. "ಹೋಗವ್ವ. ನಾಲ್ಕು ದಿನದಿಂದ ನಿನ್ ಕೈ ಕಣ್ಮುಂದೆ ಬರ್ತಿದೆ."

ಅವ್ವ ನಿಂತಳು. ಮೊಳೆಯಿಂದ ಚೀಲ ತೆಗೆದಳು. ಒದ್ದೆ ಬಟ್ಟೆ ಒದ್ದೆಯಾಗಿಯೇ ಇರಲಿ ಎಂದು ಚಪ್ಪಲಿ ಮಾತ್ರ ಬದಲಿಸಿದಳು.

"ಕಾಲರ್ ಎರಡು ಸಲ ಉಜ್ಜು," ಎಂದು ಹೇಳಿ ಹತ್ತಿದಳು.

ಗಾಜಿನ ಕೋಣೆಯ ಬಾಗಿಲಲ್ಲಿ ನಡೆದದ್ದನ್ನು ಅವ್ವ ಆಮೇಲೆ ಮಗನಿಗೆ ಸಾವಿರ ಸಲ ಹೇಳಿದಳು. ಕಾವಲುಗಾರ ಕೈ ಅಡ್ಡ ಹಿಡಿದು ಕಾರ್ಡು ಎಲ್ಲಿ ಎಂದು ಕೇಳಿದನಂತೆ.

"ನಿಮ್ಮೋರೇ ಇಸ್ಕೊಂಡು ಹೋಗಿದಾರೆ. ನೀನು ಆ ಕೈ ಎತ್ಬೇಡಪ್ಪ. ಎಡಗಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ಹೋದ ವಾರ ಹಾಕಿದೋಳು ನಾನೇ. ಇನ್ನೂ ಗಟ್ಟಿಯಾಗಿಲ್ಲ."

ಕಾವಲುಗಾರ ಕೈ ಇಳಿಸಿದ. ಕಂಕುಳು ಮುಟ್ಟಿ ನೋಡಿಕೊಂಡ. ಪಕ್ಕಕ್ಕೆ ಸರಿದ. ಅವ್ವ ಹೋಗಿ ಮೆತ್ತನೆಯ ಕುರ್ಚಿಯಲ್ಲಿ ಕೂತಳು. ಅಕ್ಕಪಕ್ಕದ ಎರಡೆರಡು ಕುರ್ಚಿ ತಾವಾಗಿ ಖಾಲಿಯಾದವು. ಚೀಲ ಇಡಲು ಜಾಗವಾಯಿತು ಎಂದುಕೊಂಡಳು.

ಕೆಳಗೆ ಗಾಣ ಒಗೆದ. ಬ್ಲೀಚು ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಐದನೆಯ ಅಂಗಿಗೆ ಬೆರಳ ಗಿಣ್ಣು ಕಿತ್ತಿತು. ಎಂಟನೆಯದಕ್ಕೆ ಸೊಂಟ ಹಿಡಿಯಿತು. ತೊಂಬತ್ತು ನಿಮಿಷ ಓಡುವವನಿಗೆ ಹದಿನೈದು ನಿಮಿಷ ಒಗೆಯಲು ಉಸಿರು ಸಾಲಲಿಲ್ಲ. ಇವಳು ಮೂವತ್ತೆರಡು ವರ್ಷ ಇಲ್ಲಿ ಹೇಗೆ ಬಗ್ಗಿದ್ದಳು ಎಂದು ಮೊದಲ ಸಲ ಲೆಕ್ಕ ಹಾಕಿದ. ಲೆಕ್ಕ ಸಿಗಲಿಲ್ಲ. ಸಿಟ್ಟು ಸಿಕ್ಕಿತು.

ಛಾವಣಿಗೆ ಕಿವಿ ಕೊಟ್ಟ. ಮೇಲೆ ಗದ್ದಲ. ಗೊಣಗಾಟ. ಬೈಗಳು. ಅವ್ವ ಹೇಳುತ್ತಿದ್ದ ಮೌನಕ್ಕಾಗಿ ಕಾದ. ಬರಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಒಂದು ಸಲವೂ ಬರಲಿಲ್ಲ. ಆಗ ಅವನಿಗೆ ತಿಳಿಯಿತು. ಅವ್ವ ಹೊಗಳಿದ್ದಲ್ಲ. ನಿಜ ಹೇಳಿದ್ದು. ನಾನೂರ ಹನ್ನೆರಡು ಪಂದ್ಯವಾದ ಮೇಲೆ, ಮೈದಾನದಲ್ಲಿ ತಾನು ಮಾಡುತ್ತಿದ್ದದ್ದೇನೆಂದು ಅವನಿಗೆ ಒಗೆಯುವ ಕಲ್ಲಿನ ಮುಂದೆ ಗೊತ್ತಾಯಿತು.

ಮೇಲೆ ಸಾವಿನ ಮನೆಯಾಯಿತು. ಎದುರಾಳಿ ಗೋಲು.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೊಳೆಯುವ ಶೂ ಕಾಣಿಸಿತು. ಬಾಚಣಿಗೆ ಆ ಕೋಣೆಗೆ ಬಂದದ್ದು ಅದೇ ಮೊದಲು. ಮೂಗಿಗೆ ಕರವಸ್ತ್ರ.

"ತಮಾಷೆ ಮಾಡ್ತಿದೀಯಾ?"

"ಇಲ್ಲ ಸಾರ್. ಕಾಲರ್ ಉಜ್ತಿದೀನಿ."

"ನಡುವೆ ಯಾರೂ ಇಲ್ವೋ. ಹತ್ತು ಜನ ಆಡ್ತಿದಾರೆ. ಸೋತ್ರೆ ಕೆಳಗೆ ಹೋಗ್ತೀವಿ."

"ಕೆಳಗೇನೂ ಅಷ್ಟು ಕಷ್ಟ ಇಲ್ಲ ಸಾರ್. ಟೀವಿ ಇದೆ."

"ಅಂಗಿ ಹಾಳಾಗ್ಲಿ, ಮೇಲೆ ಬಾ."

"ಹಾಗೆಂಗಾಗತ್ತೆ? ಫೋಟೋ ಇದೆ. ಒಗೆಯೋರೊಬ್ರು ಇರ್ಲೇಬೇಕಂತೆ."

"ನಿಮ್ಮಮ್ಮನ್ನ ಕರೆಸ್ತೀನಿ."

ಗಾಣ ಕೈ ನಿಲ್ಲಿಸಿದ. ತಲೆ ಎತ್ತಿದ. "ಅವಳನ್ನ ಆ ಕುರ್ಚಿಯಿಂದ ಎಬ್ಬಿಸಿದ್ರೆ ನಾನು ಇಲ್ಲಿಂದ ಏಳಲ್ಲ. ಇಲ್ಲೇ ಇರ್ತೀನಿ. ನಿಮ್ಮ ಬಟ್ಟೆನೂ ಒಗೆಯಲ್ಲ."

ಅವನ ಬಾಯಿಂದ ಅಷ್ಟು ಉದ್ದದ ಮಾತು ಯಾರೂ ಕೇಳಿರಲಿಲ್ಲ. ಬಾಚಣಿಗೆ ಕಿಸೆಗೆ ಕೈ ಹಾಕಿ ಬಾಚಣಿಗೆ ಹಿಡಿದುಕೊಂಡ. ಬಾಚಲಿಲ್ಲ. ಮೇಲೆ ಜನ ಯಾರನ್ನೋ ಹೆಸರು ಹಿಡಿದು ಬೈಯುತ್ತಿದ್ದರು. ಬೈಗಳು ಮ್ಯಾನೇಜರನ ಹೆಸರಿನ ಹಾಗೇ ಕೇಳಿಸಿತು.

"ಮತ್ತೆ ಇದನ್ನ ಯಾರು ಒಗೀತಾರೆ?" ಎಂದ ಬಾಚಣಿಗೆ, ಸಣ್ಣ ದನಿಯಲ್ಲಿ.

ಗಾಣ ಸೋಪು ಪಾಸ್ ಮಾಡಿದ.

ಅವನ ಜೀವಮಾನದಲ್ಲೇ ಅಂಥ ಪಾಸ್ ಇನ್ನೊಂದಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯಿತು. ಹಿಡಿಯದೆ ಬಿಡಲು ಯಾರಿಂದಲೂ ಆಗದ ಪಾಸ್. ಬಾಚಣಿಗೆಯ ಎರಡೂ ಕೈ ತಾವಾಗಿ ಮುಂದೆ ಬಂದು ಹಿಡಿದವು. ಕರವಸ್ತ್ರ ತೊಟ್ಟಿಗೆ ಬಿತ್ತು.

"ಮೂರು ಅಂಗಿ ಉಳಿದಿದಾವೆ," ಎಂದ ಗಾಣ. "ತೋಳು ಮಡಚ್ಕೊಳಿ ಸಾರ್."

ಬಾಚಣಿಗೆ ಬಗ್ಗುವ ತನಕ ನಿಂತು ನೋಡಿ, ಮೆಟ್ಟಿಲು ಹತ್ತಿದ.

ಹನ್ನೊಂದು ನಿಮಿಷ ಉಳಿದಿತ್ತು. ರೆಫರಿ ಅಪ್ಪಣೆ ಕೊಟ್ಟ. ಗಾಣ ಸೋಪಿನ ನೊರೆಯ ಕೈಯಲ್ಲೇ ಇಳಿದ. ಮೊದಲು ಗಾಜಿನ ಕೋಣೆಯ ಕಡೆ ನೋಡಿದ. ಅವ್ವ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಉಸಿರಿಗೆ ಗಾಜು ಮಂಜಾಗುತ್ತಿತ್ತು. ತೋಳಿನಿಂದ ಒರೆಸಿ ಒರೆಸಿ ನೋಡುತ್ತಿದ್ದಳು. ಆ ಗಾಜನ್ನೂ ಒರೆಸುವವಳು ಅವಳೇ ಆದಳು.

ಆರು ನಿಮಿಷ ಓಡಿದ. ಮಂಡಿ ಸದ್ದು ಎದುರಾಳಿಗಳಿಗೂ ಕೇಳಿಸಿತು. ಏಳನೆಯ ನಿಮಿಷದಲ್ಲಿ ಚೆಂಡು ಸಿಕ್ಕಿತು. ಮುಂದೆ ನಾಲ್ವರು ಗೋಡೆಯಂತೆ ನಿಂತಿದ್ದರು. ನಡುವೆ ಒಂದು ಅಂಗಿ ತೂರುವಷ್ಟು ಸಂದು. ಗಾಣ ಚೆಂಡನ್ನು ಅಲ್ಲಿ ಬಿಟ್ಟ.

ಕ್ರೀಡಾಂಗಣ ಸುಮ್ಮನಾಯಿತು. ಇಪ್ಪತ್ತು ಸಾವಿರ ಜನ ಉಸಿರು ಒಳಗೆಳೆದರು. ಈ ಸಲ ಗಾಣನೂ ಅದನ್ನು ಕೇಳಿದ.

ಗಾಜಿನ ಕೋಣೆಯಲ್ಲಿ ಅವ್ವ ಪಕ್ಕದ ಖಾಲಿ ಕುರ್ಚಿಗೆ ಹೇಳಿದಳಂತೆ, "ಇದು ನನ್ ಮಗ." ಆಮೇಲೆ ಮೀಸೆ ಗೋಲು ಹೊಡೆದ. ಆಗ ಅವಳು ಕೂತುಕೊಂಡಳು. ಉಳಿದವರೆಲ್ಲ ಎದ್ದು ನಿಂತರು.

ಕೆಳಗೆ, ಛಾವಣಿಯಿಂದ ಹಿಡಿಗಟ್ಟಲೆ ಸಿಮೆಂಟಿನ ಪುಡಿ ಬಾಚಿದ ತಲೆಯ ಮೇಲೆ ಉದುರಿತು. ಗೋಲು ಯಾರದೆಂದು ಬಾಚಣಿಗೆಗೆ ತಿಳಿಯಲಿಲ್ಲ. ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಪಂದ್ಯ ಸಮವಾಯಿತು. ಅವ್ವ ಇಳಿದು ಬಂದಳು. ಗಾಣ ಹಿಂದೆ. ಮಡಚಿದ ತೋಳಿನ ಮ್ಯಾನೇಜರು ಹಗ್ಗದ ಮುಂದೆ ನಿಂತಿದ್ದ. ಅವ್ವ ತೂಗುತ್ತಿದ್ದ ಅಂಗಿಗಳನ್ನು ಒಂದೊಂದಾಗಿ ನೋಡಿದಳು. ಎಂಟಕ್ಕೆ ಏನೂ ಅನ್ನಲಿಲ್ಲ. ಒಂಬತ್ತನೆಯದರ ಕಾಲರು ಬೆರಳಲ್ಲಿ ಉಜ್ಜಿದಳು. ಹಗ್ಗದಿಂದ ತೆಗೆದು ಮತ್ತೆ ತೊಟ್ಟಿಗೆ ಹಾಕಿದಳು. ಹತ್ತನೆಯದು. ಹನ್ನೊಂದನೆಯದು.

"ಫೋಟೋಗೆ ಹೊತ್ತಾಯ್ತು," ಎಂದ ಬಾಚಣಿಗೆ. "ನೀವೇ ಸ್ವಲ್ಪ..."

"ನನ್ ಕೈಲಿ ಆಗಲ್ಲ. ನಾನೀಗ ಆಟ ನೋಡಿ ಬಂದೋಳು," ಎಂದಳು ಅವ್ವ. "ಕೊಳೆ ಹಾಗೇ ಇದೆ. ಇನ್ನೊಂದ್ಸಲ ಒಗೀರಿ."

ಆ ದಿನದ ಫೋಟೋ ಕೆಸರಿನಲ್ಲೇ ತೆಗೆದರು. ಯಾರು ಆಡಿದ್ದಾರೆ, ಯಾರು ನಿಂತಿದ್ದಾರೆ ಎಂದು ಮೊದಲ ಸಲ ಊರಿಗೆಲ್ಲ ಕಾಣಿಸಿತು. ಗಾಣ ನಡುವೆ ನಿಂತಿದ್ದ, ಮುಖ ಪೂರ್ತಿ ಬಂದಿತ್ತು. ಪಕ್ಕದಲ್ಲಿ ನಿಂತಿದ್ದ ಅವ್ವನನ್ನು ಪತ್ರಿಕೆಯವರು ಕತ್ತರಿಸಿದ್ದರು. ಅಂಚಿನಲ್ಲಿ ಅವಳ ಮೊಣಕೈ ಉಳಿದಿತ್ತು. ಗಾಣ ಅದನ್ನು ಕತ್ತರಿಸಿ ಅದೇ ನೋಟ್‌ಬುಕ್ಕಿಗೆ ಅಂಟಿಸಿದ. ತೊಂಬತ್ತನಾಲ್ಕನೆಯದು.

ಮೂರನೆಯ ದಿನ ಅವ್ವನಿಗೆ ಕಾಗದ ಬಂತು. ಇನ್ನು ಕೆಲಸಕ್ಕೆ ಬರಬೇಕಿಲ್ಲ. ಅವಳು ಅದಕ್ಕೆ ಇಸ್ತ್ರಿ ಹಾಕಲಿಲ್ಲ.

ಒಂದು ತಿಂಗಳಾಯಿತು. ಒಗೆಯಲು ಬಂದ ಇಬ್ಬರು ವಾರ ನಿಲ್ಲಲಿಲ್ಲ. ಮೂರನೆಯವನು ಕೆಂಪು ಕಾಲುಚೀಲದ ಜೊತೆ ಬಿಳಿ ಅಂಗಿಗಳನ್ನು ತೊಟ್ಟಿಗೆ ಹಾಕಿದ. ತಂಡ ಗುಲಾಬಿ ಬಣ್ಣದಲ್ಲಿ ಮೈದಾನಕ್ಕಿಳಿಯಿತು. ಮೀಸೆಯ ಅಭಿಮಾನಿಗಳು ಅತ್ತರು. ಒಂದು ಬೆಳಿಗ್ಗೆ ಗುಮಾಸ್ತ ಮನೆಯ ಮುಂದೆ ಬಂದು ನಿಂತ. ಈ ಸಲ ಗೋಡೆ ನೋಡಲಿಲ್ಲ, ನೆಲ ನೋಡಿದ.

"ವಾಪಸ್ ಬರ್ಬೇಕಂತೆ ಅಮ್ಮ. ಮ್ಯಾನೇಜರೇ ಹೇಳ್ಕಳಿಸಿದಾರೆ."

ಅವ್ವ ನೋಟ್‌ಬುಕ್ಕು ಮುಚ್ಚಿದಳು. "ಒಗೆಯೋರು ಆಟ ನೋಡ್ಬಹುದಾ?"

"ನೋಡ್ಬಹುದಂತೆ. ಎರಡನೇ ಅರ್ಧ. ಫೋಟೋ ರೂಲು ತೆಗೆದಿದಾರೆ."

"ಮುಂದಿನ ಬಾಗಿಲು?"

"ಮುಂದಿನ ಬಾಗಿಲೇ."

"ಬಾಯಿ ಮಾತಾ? ಕಾರ್ಡ್ ಎಲ್ಲಿ?"

ಗುಮಾಸ್ತ ಕಿಸೆಗೆ ಕೈ ಹಾಕಿದ. ಅದೇ ಕಾರ್ಡು. ನಡುವೆ ಮಡಿಕೆ, ಮೂಲೆಯಲ್ಲಿ ಬೆವರಿನ ಕಲೆ. ಎರಡು ಕೈಯಲ್ಲಿ ಹಿಡಿದು ಮುಂದೆ ಚಾಚಿದ.

ಗಾಣ ಒಳಗಿಂದ ನೋಡುತ್ತಿದ್ದ. ಅವ್ವನ ಕೈ ಈ ಸಲ ಮುಂದೆ ಬರಲಿಲ್ಲ.

"ನಾನು ಕೊಟ್ಟಾಗ ಹೀಗಿರ್ಲಿಲ್ಲ," ಎಂದಳು. "ಇಸ್ತ್ರಿ ಮಾಡ್ಕೊಂಡು ಬಾ."